ಸತ್ತವರ ಪಟ್ಟಿಯಲ್ಲಿ ಅಪ್ಪ

ತುಲೋಂ
೨೧ ಸೆಪ್ಟೆಂಬರ್ ೧೯೮೦

ಮಗಳು ಸೋಲಾಂಜ್‌ಗೆ,

ಹನ್ನೊಂದು ವರ್ಷದ ಮೇಲೆ ಅಪ್ಪನ ಅಕ್ಷರ ಕಂಡು, ಲಕೋಟೆ ಒಡೆಯುವುದೋ ಒಲೆಗೆ ಹಾಕುವುದೋ ಎಂದು ಅಡುಗೆಮನೆಯಲ್ಲಿ ನಿಂತಿರುತ್ತೀಯ. ನಿಂತೇ ಓದು, ಪರವಾಗಿಲ್ಲ. ನಿನ್ನ ಅಮ್ಮನ ಮಣ್ಣಿನ ದಿನವೂ ನೀನು ನನ್ನ ಪಕ್ಕ ಕೂರಲಿಲ್ಲ.

ನಾನು ಗಟ್ಟಿಮುಟ್ಟಾಗಿದ್ದೇನೆ. ಎಪ್ಪತ್ತಾದರೂ ದಿನಕ್ಕೆ ನಾಲ್ಕು ಹಳ್ಳಿ ಸುತ್ತುತ್ತೇನೆ, ಕಾರು ನಾನೇ ಓಡಿಸುತ್ತೇನೆ. ಯಾಕೆ ಸುತ್ತುತ್ತೇನೆಂದು ಕೇಳು. ಬರುವ ವಸಂತದಲ್ಲಿ ದೇಶದ ಅಧ್ಯಕ್ಷರ ಚುನಾವಣೆ. ನಮ್ಮ ಪಕ್ಷದ ನಾಯಕರು ನಿಲ್ಲಬೇಕೆಂದಿದ್ದಾರೆ. ನಿಲ್ಲಬೇಕಾದರೆ ಐನೂರು ಜನ ಚುನಾಯಿತರು, ಅಂದರೆ ಹೆಚ್ಚಿನಂಶ ಊರೂರಿನ ಮೇಯರ್‌ಗಳು, 'ಇವರು ನಿಲ್ಲಲಿ' ಎಂದು ಸಹಿ ಹಾಕಬೇಕು. ದೊಡ್ಡ ಪಕ್ಷಗಳಿಗೆ ಇದು ಕೂತಲ್ಲೇ ಆಗುವ ಕೆಲಸ. ನಮ್ಮಂಥವರು ಕೊಟ್ಟಿಗೆಯಿಂದ ಕೊಟ್ಟಿಗೆಗೆ ಅಲೆಯಬೇಕು. ಮೊನ್ನೆ ಒಬ್ಬ ಮೇಯರ್ ಹಾಲು ಕರೆಯುತ್ತಲೇ ನನ್ನ ಭಾಷಣವನ್ನೆಲ್ಲ ಕೇಳಿದ. ಕೊನೆಗೆ, "ಹಸು ಒಪ್ಪಿದ್ರೆ ನಂದೇನೂ ಅಡ್ಡಿಯಿಲ್ಲ ಸ್ವಾಮಿ" ಅಂದ. ಇನ್ನೊಬ್ಬ ನಾಯಿ ಬಿಟ್ಟ. ಅದೂ ಎಡಪಂಥದ ನಾಯಿಯೇ ಇರಬೇಕು.

ಪಕ್ಷದ ಕಚೇರಿಯಲ್ಲಿ ದೇಶದ ಎಲ್ಲ ಮೇಯರ್‌ಗಳ ಹೆಸರಿರುವ ದಪ್ಪ ಪುಸ್ತಕವೊಂದಿದೆ. ಕಳೆದ ವಾರ ಅದರಲ್ಲಿ ಬೆರಳಾಡಿಸುತ್ತ ಹೋದವನು ಒಂದು ಸಾಲಿನಲ್ಲಿ ನಿಂತುಬಿಟ್ಟೆ. ಮೋಂಬ್ರಾಕ್, ಜನಸಂಖ್ಯೆ ನೂರ ನಲವತ್ತೇಳು, ಮೇಯರ್ ಶ್ರೀಮತಿ ಸೋಲಾಂಜ್ ವೇರ್ದಿಯೇ, ಶಾಲಾ ಶಿಕ್ಷಕಿ. ನನ್ನ ಮಗಳು ಮೇಯರ್! ಗಂಡ ಬಿಟ್ಟು ಹೋದರೂ ಅವನ ಮನೆತನದ ಹೆಸರನ್ನು ನೀನು ಯಾಕೆ ಬಿಡಲಿಲ್ಲ ಎಂಬುದು ನನಗೆ ಗೊತ್ತಿಲ್ಲದೆ ಇಲ್ಲ. ದೆಲ್ಮಾಸ್ ಎಂಬ ಹೆಸರು ಹೊತ್ತು ತಿರುಗುವುದು ಸುಲಭವಲ್ಲ, ಅದನ್ನು ನನಗಿಂತ ಬಲ್ಲವರಿಲ್ಲ.

ಆದರೂ ಒಂದು ಮಾತು. ಜರ್ಮನರು ದೇಶ ಹಿಡಿದಿದ್ದಾಗ ಮಿಲೀಸ್ ಪಡೆಯ ನೀಲಿ ಅಂಗಿ ತೊಟ್ಟಿದ್ದೆ, ನಿಜ. ಆಗ ಅದು ನಮ್ಮದೇ ಸರ್ಕಾರದ ಪಡೆ. ಜರ್ಮನರ ಜೊತೆ ಓಡಾಡಿದೆವು, ಅದೂ ನಿಜ. ಯುದ್ಧ ಮುಗಿದ ಮೇಲೆ ನನ್ನನ್ನು ದೇಶಕ್ಕೆ ಅನರ್ಹ ಎಂದು ಬರೆದರು, ಓಟು ಕಿತ್ತುಕೊಂಡರು, ಆರು ವರ್ಷ ಒಳಗೆ ಹಾಕಿದರು. ನಾನು ಮಾಡಿದ್ದು ಬರೀ ರಸ್ತೆ ಕಾವಲು. ನೂರು ಸಲ ಹೇಳಿದ್ದೇನೆ, ನೂರೊಂದನೆಯ ಸಲ ಹೇಳಲು ನನಗೆ ಬೇಸರವಿಲ್ಲ.

ಸಹಿಯ ಕಾಗದ ಮಾರ್ಚ್ ಹೊತ್ತಿಗೆ ಸರ್ಕಾರದಿಂದ ನೇರ ನಿನಗೇ ಬರುತ್ತದೆ. ಸಹಿ ಹಾಕಿ ನನಗೆ ಕಳಿಸಿದರೆ ಸಾಕು. ಸದ್ಯಕ್ಕೆ ಬರೀ ಮಾತು ಕೊಡು. ಅಪ್ಪ ಜೀವಮಾನದಲ್ಲಿ ನಿನ್ನನ್ನು ಕೇಳಿದ್ದು ಇದೊಂದೇ.

ನಿನ್ನ ಅಪ್ಪ,
ಓಕ್ತಾವ್ ದೆಲ್ಮಾಸ್


ಮೋಂಬ್ರಾಕ್
೧೨ ಅಕ್ಟೋಬರ್ ೧೯೮೦

ಅಪ್ಪನಿಗೆ,

ಪತ್ರ ತಲುಪಿತು. ಆರೋಗ್ಯವಾಗಿದ್ದೀರೆಂದು ತಿಳಿಯಿತು.

ಕಾಗದ ಇನ್ನೂ ಬಂದಿಲ್ಲ, ಬಂದಾಗ ನೋಡೋಣ. ಇಲ್ಲಿ ಯಾರೂ ಯಾವ ಪಕ್ಷದವರೂ ಅಲ್ಲ. ಮೇಯರ್ ಯಾರಿಗಾದರೂ ಸಹಿ ಹಾಕುವುದಿದ್ದರೆ ಮೊದಲು ಊರವರಿಗೆ ಹೇಳುವುದು ರೂಢಿ. ಸಹಿ ಹಾಕಿದವರ ಹೆಸರನ್ನು ಗೆಜೆಟ್ಟಿನಲ್ಲಿ ಅಚ್ಚು ಹಾಕುತ್ತಾರೆಂದೂ ಕೇಳಿದ್ದೇನೆ. ಇದನ್ನೆಲ್ಲ ಯೋಚಿಸಬೇಕು, ಸಮಯ ಬೇಕು. ಶಾಲೆಯಲ್ಲಿ ಹನ್ನೊಂದು ಮಕ್ಕಳು, ನಾನೊಬ್ಬಳೇ. ಒಲೆ ಹೊತ್ತಿಸುವುದೂ ನಾನೇ.

ನೀವು ಇಲ್ಲಿಗೆ ಬರುವುದು ಬೇಡ. ಬೆಟ್ಟದ ರಸ್ತೆ ಕೆಟ್ಟಿದೆ. ಉಳಿದುಕೊಳ್ಳಲು ಹೋಟೆಲಿಲ್ಲ. ಶಾಲೆಯ ಮೇಲೆ ನನಗಿರುವುದು ಎರಡು ಕೋಣೆ, ಅದರಲ್ಲಿ ಒಂದು ಸೋರುತ್ತದೆ. ನವೆಂಬರ್‌ನಲ್ಲಂತೂ ಖಂಡಿತ ಬೇಡ.

ಈ ಪತ್ರವನ್ನು ಮೂರು ಸಲ ಬರೆದೆ. ಮೊದಲ ಎರಡು ಇನ್ನೂ ಉದ್ದವಾಗಿದ್ದವು, ಅವನ್ನು ಒಲೆಗೆ ಹಾಕಿದೆ.

ಸೋಲಾಂಜ್


ತುಲೋಂ
೧೩ ನವೆಂಬರ್ ೧೯೮೦

ಮಗಳೇ,

ನವೆಂಬರ್‌ನಲ್ಲಂತೂ ಬೇಡ ಎಂದು ಬರೆದೆಯಲ್ಲ, ಅದಕ್ಕೇ ಬಂದೆ. ರಸ್ತೆ ಚೆನ್ನಾಗಿಯೇ ಇತ್ತು.

ಹನ್ನೊಂದನೆಯ ತಾರೀಖು, ಮೊದಲ ಯುದ್ಧ ನಿಂತ ದಿನ. ಆವತ್ತು ಎಲ್ಲ ಊರಲ್ಲೂ ಮೇಯರ್ ಹೊರಗೆ ಬಂದೇ ಬರುತ್ತಾರೆ, ಹಿಡಿಯುವುದು ಸುಲಭ ಎಂದುಕೊಂಡಿದ್ದೆ. ಶಾಲೆಯ ಪಕ್ಕದ ಸ್ಮಾರಕದ ಕಲ್ಲಿನ ಮುಂದೆ ಊರೆಲ್ಲ ಸೇರಿತ್ತು. ನಾನು ಹಿಂದೆ ನಿಂತೆ. ನೀನು ಮೂರು ಬಣ್ಣದ ಪಟ್ಟಿ ಎದೆಗೆ ಅಡ್ಡ ಹಾಕಿಕೊಂಡು ಬಂದೆ. ಕೂದಲು ನರೆತಿದೆ, ನಡಿಗೆ ಮಾತ್ರ ನಿನ್ನ ಅಮ್ಮನದೇ. ನೀನು ಸತ್ತವರ ಹೆಸರು ಒಂದೊಂದಾಗಿ ಕೂಗುತ್ತಿದ್ದೆ, ನಿನ್ನ ಶಾಲೆಯ ಮಕ್ಕಳು ಪ್ರತಿ ಹೆಸರಿಗೂ "ಫ್ರಾನ್ಸಿಗಾಗಿ ಮಡಿದರು" ಎಂದು ಒಟ್ಟಿಗೆ ಹೇಳುತ್ತಿದ್ದವು. ಮೊದಲ ಯುದ್ಧದವರು ಇಪ್ಪತ್ತೆರಡು. ಎರಡನೆಯದರವರು ಮೂವರು. ಮುಗಿಯಿತು ಎಂದುಕೊಂಡೆ.

ಆಗ ದಪ್ಪ ಮೀಸೆಯ ಒಬ್ಬ ಮುದುಕ ಮುಂದೆ ಬಂದು ನಿನ್ನ ಕೈಯಿಂದ ಕಾಗದ ತೆಗೆದುಕೊಂಡ. ಗಂಟಲು ಸರಿಮಾಡಿಕೊಂಡು ಕೂಗಿದ: "ಓಕ್ತಾವ್ ದೆಲ್ಮಾಸ್!"

"ಫ್ರಾನ್ಸಿಗಾಗಿ ಮಡಿದರು" ಎಂದವು ಮಕ್ಕಳು.

ಸೋಲಾಂಜ್, ನಾನು ಟೋಪಿ ತೆಗೆದೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಪಕ್ಕದ ಹೆಂಗಸು ನನ್ನ ಕಡೆ ಬಾಗಿ, "ನಮ್ ಮೇಡಂ ಅವ್ರ ತಂದೆ. ಜರ್ಮನಿಲಿ ಸೆರೆ ಸಿಕ್ಕಿ ಅಲ್ಲೇ ತೀರ್ಕೊಂಡ್ರಂತೆ, ಪಾಪ. ಅಪ್ಪನ ಹೆಸ್ರು ಕೂಗೋವಾಗ ಅವ್ರಿಗೆ ಗಂಟಲು ಕಟ್ಟುತ್ತೆ ಅಂತ ಬಾತಿಸ್ತ್ ಅಣ್ಣನೇ ಕೂಗ್ತಾರೆ. ನೀವ್ ಯಾವೂರೋರು?" ಅಂದಳು. "ಹೀಗೇ ಹಾದು ಹೋಗೋನಮ್ಮಾ" ಅಂದೆ.

ಆಮೇಲೆ ಶಾಲೆಯಲ್ಲಿ ಎಲ್ಲರಿಗೂ ವೈನ್ ಕೊಟ್ಟಿರಿ. ಆ ಬಾತಿಸ್ತ್ ನನ್ನ ಲೋಟ ತುಂಬಿಸಿ, "ಕುಡೀರಿ ಸ್ವಾಮಿ, ಇವತ್ತು ಸತ್ತೋರ ಕಡೆಯಿಂದ" ಅಂದ. ಒಳ್ಳೆಯ ಮನುಷ್ಯ. ನಿನ್ನ ಉಪ ಮೇಯರಂತೆ. ನನಗೆ ಎರಡನೆಯ ಲೋಟವನ್ನೂ ಹಾಕಿದ. ಅಷ್ಟರಲ್ಲಿ ನೀನು ನನ್ನನ್ನು ನೋಡಿದೆ. ನೋಡಿ, ತಿರುಗಿ, ಯಾವುದೋ ಮಗುವಿನ ಮೂಗು ಒರೆಸತೊಡಗಿದೆ. ಆ ಮಗುವಿನ ಮೂಗಿಗೆ ಏನೂ ಆಗಿರಲಿಲ್ಲ.

ನಾನು ಯಾರೆಂದು ಯಾರಿಗೂ ಹೇಳದೆ ಬಂದೆ. ನನ್ನ ಹೆಸರಿನಿಂದ ನ್ಯಾಯಾಲಯ ಕಿತ್ತುಕೊಂಡದ್ದನ್ನು ನೀನು ಹನ್ನೊಂದು ಮಕ್ಕಳ ಬಾಯಲ್ಲಿ ವಾಪಸು ಕೊಡಿಸಿದ್ದೀಯ. ಇದಕ್ಕೆ ಬೆಲೆ ಕಟ್ಟಲಾಗುವುದಿಲ್ಲ. ಮಾರ್ಚ್‌ನಲ್ಲಿ ಸಹಿಯ ಕಾಗದ ಬರಲಿ, ನಾನು ಸತ್ತವನಾಗಿಯೇ ಇರುತ್ತೇನೆ. ಬರದಿದ್ದರೆ ಒಮ್ಮೆ ಮೋಂಬ್ರಾಕ್‌ಗೆ ಬಂದು ಬಾತಿಸ್ತ್‌ನ ಕೈ ಕುಲುಕಿ ಧನ್ಯವಾದ ಹೇಳಬೇಕಾಗುತ್ತದೆ.

ಫ್ರಾನ್ಸಿಗಾಗಿ ಮಡಿದ ನಿನ್ನ ಅಪ್ಪ,
ಓಕ್ತಾವ್


ಮೋಂಬ್ರಾಕ್
೭ ಡಿಸೆಂಬರ್ ೧೯೮೦

ಅಪ್ಪನಿಗೆ,

ಸಹಿ ಹಾಕುವುದಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೆಳಗೆ ಹೋಗುವಷ್ಟರಲ್ಲಿ ನನಗೆ ಧೈರ್ಯ ಸಾಲದೆ ಹೋಗಬಹುದು.

ಹೇಗಾಯಿತೆಂದು ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅರವತ್ತೆರಡರಲ್ಲಿ ನಾನು ಇಲ್ಲಿಗೆ ಟೀಚರಾಗಿ ಬಂದಾಗ ಸಾಮಾನು ಇಳಿಸಲು ಎತ್ತಿನ ಗಾಡಿ ತಂದವನು ಬಾತಿಸ್ತ್. ದನ ಸಾಕುವವನು, ಯುದ್ಧದಲ್ಲಿ ಐದು ವರ್ಷ ಜರ್ಮನಿಯಲ್ಲಿ ಸೆರೆಯಾಳಾಗಿದ್ದವನು. "ತಂದೆ ತಾಯಿ ಇದಾರಾ?" ಎಂದು ಕೇಳಿದ. ತಾಯಿ ಇದ್ದಾಳೆ ಅಂದೆ. "ತಂದೆ?" ಅಂದ. ಯುದ್ಧದಲ್ಲಿ ಹೋದರು ಅಂದೆ. "ನಮ್ಮ್ ಥರಾನೇ ಸೆರೇಲಾ?" ಅಂದ. ತಲೆಯಾಡಿಸಿದೆ. ಅಷ್ಟೇ. ಒಂದು ಪೆಟ್ಟಿಗೆ ಇಳಿಸುವಷ್ಟು ಹೊತ್ತು. ಆಮೇಲೆ ತಿಳಿಯಿತು, ಅವನ ತಮ್ಮ ಜೂಲಿಯೇನ್‌ನನ್ನು ನಲವತ್ನಾಲ್ಕರ ಜೂನ್‌ನಲ್ಲಿ ಇಲ್ಲಿಯ ಸೇತುವೆ ಮೇಲೆ ಗುಂಡಿಟ್ಟು ಕೊಂದವರು ನೀಲಿ ಅಂಗಿಯವರು ಎಂದು. ನಿಮ್ಮ ಪಡೆಯವರು. ಅದು ತಿಳಿದ ಮೇಲೆ ನಾನು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಹೇಗೆ?

ಎಪ್ಪತ್ತೊಂದರಲ್ಲಿ ನನ್ನನ್ನು ಮೇಯರ್ ಮಾಡಿದರು. ಆ ನವೆಂಬರಿನಲ್ಲಿ ನಾನು ಹೆಸರುಗಳನ್ನು ಓದಿ ಮುಗಿಸುವಾಗ ಬಾತಿಸ್ತ್ ಬಂದು, ನನ್ನನ್ನು ಕೇಳದೆ, ನನಗೆ ಸಂತೋಷವಾಗಲಿ ಎಂದು, ನಿಮ್ಮ ಹೆಸರು ಕೂಗಿದ. ಊರ ಕಚೇರಿಯ ಕಾಗದದಲ್ಲಿ ಹೆಸರು ಹುಡುಕಿ ಇಟ್ಟುಕೊಂಡಿದ್ದನಂತೆ. ಮಕ್ಕಳು ಉತ್ತರ ಕೊಟ್ಟವು. ಹೆಂಗಸರು ಕಣ್ಣೊರೆಸಿಕೊಂಡರು. ನಾನು ಬಾಯಿ ತೆರೆಯಲಿಲ್ಲ. ಹತ್ತು ನವೆಂಬರ್ ಹೀಗೆಯೇ ಕಳೆದವು. ಅವನ ತಮ್ಮನ ಹೆಸರು ಕೊನೆಯಿಂದ ಎರಡನೆಯದು, ನಿಮ್ಮದು ಕೊನೆಯದು. ಪ್ರತಿ ವರ್ಷ ಆ ಹೊತ್ತಿಗೆ ನನ್ನ ಕಿವಿ ಬಿಸಿಯಾಗುತ್ತದೆ, ಜನ ಅದನ್ನು ದುಃಖ ಅಂದುಕೊಳ್ಳುತ್ತಾರೆ.

ನಿಮ್ಮ ದೆಸೆಯಿಂದ ನಾಚಿಕೆ ಅಂದುಕೊಂಡು ಇಷ್ಟು ವರ್ಷ ಬದುಕಿದೆ. ಅದು ಪೂರ್ತಿ ನಿಜವಲ್ಲ. ನನ್ನದೂ ಒಂದಿದೆ, ನಿಮಗೆ ಗೊತ್ತಿರುವಂಥದ್ದೇ.

ನಮ್ಮ ಊರು ಸೋರ್ನಾಕ್‌ನಲ್ಲಿ, ನಲವತ್ನಾಲ್ಕರ ಫೆಬ್ರವರಿ. ನನಗೆ ಏಳು ವರ್ಷ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಓದೀಲ್ ನನ್ನ ಕಿವಿಯಲ್ಲಿ ಒಂದು ಗುಟ್ಟು ಹೇಳಿದ್ದಳು. ಆವತ್ತು ಸೂಪು ಕುಡಿಯುತ್ತ ನೀವು ಕೇಳಿದಿರಿ, "ಓದೀಲ್ ಅಣ್ಣ ರೆನೇ ಕಾಣಿಸ್ತಾನೇ ಇಲ್ವಲ್ಲ, ಏನ್ ಮಾಡ್ಕೊಂಡಿದಾನೆ?"

"ಗುರುವಾರ ಗುರುವಾರ ಸೈಕಲ್ ಮೇಲೆ ಸುಣ್ಣದ ಗೂಡಿಗೆ ಬ್ರೆಡ್ ತಗೊಂಡೋಗ್ತಾನೆ ಅಪ್ಪಾ. ಜರ್ಮನರ ಮೇಲೆ ಹೋರಾಡೋಕ್ಕೆ ಕಾಡಲ್ಲಿ ಅಡಗಿರೋ ಅಣ್ಣಂದಿರಿಗೆ. ಯಾರಿಗೂ ಹೇಳ್ಬಾರ್ದು, ಗುಟ್ಟು!"

ನೀವು ನಕ್ಕಿರಿ. ನಿಮ್ಮ ಪಾಲಿನ ಚೀಸ್ ತುಂಡನ್ನು ನನ್ನ ತಟ್ಟೆಗೆ ಹಾಕಿದಿರಿ. ಅಮ್ಮ ಎದ್ದು ಒಳಗೆ ಹೋದಳು. ಮುಂದಿನ ಗುರುವಾರ ರೆನೇ ಸೈಕಲ್ ನಿಮ್ಮ ಪಡೆಯ ಕಚೇರಿಯ ಗೋಡೆಗೆ ಒರಗಿತ್ತು. ಓದೀಲ್ ಸೈಕಲನ್ನೂ ನೋಡಿದಳು, ನನ್ನನ್ನೂ ನೋಡಿದಳು. ಮಾರನೆಯ ದಿನ ಬೇರೆ ಬೆಂಚಿಗೆ ಹೋಗಿ ಕೂತಳು.

ಆ ಚೀಸನ್ನು ನಾನು ತಿಂದೆ. ಆ ಚಳಿಗಾಲದಲ್ಲಿ ನಾನು ತಿಂದದ್ದರಲ್ಲೆಲ್ಲ ಅದೇ ರುಚಿಯಾಗಿತ್ತು.

ರೆನೇಗೆ ಹತ್ತೊಂಬತ್ತು. ಅವನ ಹೆಣ ಸಿಗಲಿಲ್ಲ. ನಿಮ್ಮ ವಿಚಾರಣೆಯ ದಿನ ಅವನ ತಾಯಿ ಎದ್ದು ನಿಂತು, "ಎಲ್ಲಿಟ್ಟಿದೀರಾ ಅಷ್ಟು ಹೇಳಿ, ಬೇರೇನೂ ಕೇಳಲ್ಲ" ಅಂದದ್ದನ್ನು ಅಮ್ಮ ನನಗೆ ಹೇಳಿದ್ದಾಳೆ. ನೀವು ನೆನಪಿಲ್ಲ, ನಾನು ರಸ್ತೆ ಕಾಯುತ್ತಿದ್ದೆ ಎಂದಿರಿ.

ಊರಿಗೆ ನನ್ನ ವಿಷಯ ಹೇಳುವುದಿದ್ದರೆ ಹೇಳಿ. ನಾನು ಕೇಳುವುದು ಒಂದೇ. ರೆನೇ ಎಲ್ಲಿದ್ದಾನೆ?

ಸೋಲಾಂಜ್


ತುಲೋಂ
೬ ಜನವರಿ ೧೯೮೧

ಮಗಳೇ,

ಇವತ್ತು ಮೂರು ರಾಜರ ಹಬ್ಬ. ಪಕ್ಷದ ಕಚೇರಿಯಲ್ಲಿ ಹುಡುಗರು ಹಬ್ಬದ ಕೇಕು ತಂದಿದ್ದರು. ಒಳಗೆ ಹುದುಗಿಸಿಟ್ಟ ಪಿಂಗಾಣಿ ಗೊಂಬೆ ನನ್ನ ತುಂಡಿನಲ್ಲೇ ಬಂತು, ಹಲ್ಲು ಮುರಿಯುವುದರಲ್ಲಿತ್ತು. "ತಾತ ರಾಜ ಆದ್ರು!" ಎಂದು ಕಿರುಚಿ ಬಂಗಾರದ ಕಾಗದದ ಕಿರೀಟ ನನ್ನ ತಲೆಗೆ ಇಟ್ಟರು. ಒಬ್ಬ, "ತಾತ, ನಿಮ್ಮ ಹಳೇ ನೀಲಿ ಅಂಗಿ ಹಾಕ್ಕೊಂಡ್ರೆ ಇನ್ನೂ ಚೆನ್ನಾಗಿರ್ತಿತ್ತು" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ನಿನ್ನ ಪತ್ರ ಓದಿದೆ. ಏಳು ವರ್ಷದ ಹುಡುಗಿ ಸೂಪು ಕುಡಿದದ್ದು, ಚೀಸ್ ತಿಂದದ್ದು ಎಲ್ಲ ನಿನಗೆ ನೆನಪಿದೆ. ನನಗೆ ಇಲ್ಲ. ಅದು ಯುದ್ಧದ ಕಾಲ, ಎರಡೂ ಕಡೆ ಹುಡುಗರು ಸತ್ತರು. ನಮ್ಮವರನ್ನೂ ಮನೆ ಬಾಗಿಲಲ್ಲಿ, ಹೆಂಡತಿ ಮಕ್ಕಳ ಮುಂದೆ ಕೊಂದಿದ್ದಾರೆ. ಅವರ ಹೆಸರನ್ನು ಯಾವ ಊರಿನ ಮಕ್ಕಳೂ ಕೂಗುವುದಿಲ್ಲ.

ಎಪ್ಪತ್ತು ವರ್ಷದವನ ನೆನಪು ಹಸಿ ಸೌದೆಯ ಹಾಗೆ, ಸುಮ್ಮನೆ ಊದಿದರೆ ಹೊತ್ತುವುದಿಲ್ಲ. ನೀನು ಸಹಿಯ ಕಾಗದ ಕಳಿಸು. ಅದು ಕೈಗೆ ಬಂದ ದಿನ, ಆ ಸುಣ್ಣದ ಗೂಡಿನ ಸುತ್ತಮುತ್ತ ಏನಾದರೂ ನೆನಪಾದರೂ ಆಗಬಹುದು. ಒಂದು ಸಹಿ ತಾನೆ? ನೀನು ಅಷ್ಟು ಹಂಬಲಿಸುವ ಮಾತಿಗೆ ಅದು ಹೆಚ್ಚೇನಲ್ಲ.

ಅಪ್ಪ,
ಓಕ್ತಾವ್


ಮೋಂಬ್ರಾಕ್
೧೫ ಜನವರಿ ೧೯೮೧

'ಸುತ್ತಮುತ್ತ' ಎಂದು ಬರೆದಿದ್ದೀರಿ. ಹಾಗಾದರೆ ನಿಮಗೆ ಗೊತ್ತು. ಮೂವತ್ತೇಳು ವರ್ಷದಿಂದಲೂ ಗೊತ್ತು.

ಉತ್ತರ ಮಾರ್ಚ್‌ನಲ್ಲಿ ಬರೆಯುತ್ತೇನೆ.

ಸೋಲಾಂಜ್


ಮೋಂಬ್ರಾಕ್
೨೨ ಮಾರ್ಚ್ ೧೯೮೧

ಅಪ್ಪನಿಗೆ,

ಸಹಿಯ ಕಾಗದ ಬಂದು ಹತ್ತು ದಿನವಾಯಿತು. ಅಡುಗೆಮನೆಯ ಮೇಜಿನ ಮೇಲಿಟ್ಟು ದಿನಾ ನೋಡಿದೆ. ನಿಮ್ಮ ನಾಯಕರ ಹೆಸರು ಬರೆಯಲು ಒಂದು ಗೆರೆ, ನನ್ನ ಸಹಿಗೆ ಒಂದು ಗೆರೆ. ರೆನೇ ಸಿಗುತ್ತಾನೆಂದರೆ ಹಾಕಿಬಿಡಬೇಕೆಂದು ಎರಡು ಸಲ ಪೆನ್ನಿನ ಮುಚ್ಚಳ ತೆಗೆದೆ. ಇದನ್ನು ನಿಮಗೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಒಬ್ಬಳೇ ನಿರ್ಧಾರ ಮಾಡಲಾರೆ ಎನಿಸಿ ಬಾತಿಸ್ತ್‌ನ ಕೊಟ್ಟಿಗೆಗೆ ಹೋದೆ. ಅವನು ಹುಲ್ಲು ಎತ್ತಿ ಹಾಕುತ್ತಿದ್ದ. ನಿಂತುಕೊಂಡೇ ಎಲ್ಲ ಹೇಳಿದೆ. ಹೇಳಿ ಮುಗಿಯುವವರೆಗೂ ಅವನು ಹುಲ್ಲು ಹಾಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಕೇಳಿದ:

"ಆವತ್ತು ಬೂದು ಕೋಟು ಹಾಕ್ಕೊಂಡ್ ಬಂದಿದ್ರಲ್ಲ, ಟೋಪಿ ತೆಗ್ದೋರು, ಅವ್ರೇನಾ?"

ಹೌದು ಅಂದೆ.

"ಎರಡು ಲೋಟ ಹಾಕಿದ್ನಲ್ರೀ ನಾನು ಅವ್ರಿಗೆ."

ಆಮೇಲೆ ಅವನು ನನ್ನ ಮುಖ ನೋಡದೆ ಅಂದ, "ಜೂಲಿಯೇನ್ ಹೆಸ್ರಿನ ಬೆನ್ನಿಗೇ ಕೂಗಿದೀನಿ ಮೇಡಂ. ನನ್ ಬಾಯಲ್ಲೇ. ಹತ್ತು ವರ್ಷ. ಒಂದೇ ಒಂದ್ಸಲ ನನ್ ಕೈ ಹಿಡಿದು ಬೇಡ ಅನ್ಬಾರ್ದಿತ್ತಾ?"

ಮನೆಗೆ ಬಂದೆ. ಮಾರನೆಯ ದಿನ ಶಾಲೆ ಬಿಡುವ ಹೊತ್ತಿಗೆ ಬಾತಿಸ್ತ್ ಬಾಗಿಲಿಗೆ ಬಂದ, ಒಳಗೆ ಬರಲಿಲ್ಲ. "ಸಹಿ ಹಾಕ್ಬಿಡಿ. ಆ ಹುಡುಗನ ಮನೆಯೋರಿಗೆ ಹುಡುಗ ಸಿಗ್ಲಿ. ಪೇಪರ್‌ನಲ್ಲಿ ಹೆಸ್ರು ಬಂದ್ರೆ ಊರಿಗೆ ನಾನ್ ಹೇಳ್ಕೋತೀನಿ" ಅಂದ. ತಮ್ಮನನ್ನು ಕೊಂದವರ ಪಾರ್ಟಿಗೆ ಸಹಿ ಹಾಕು ಎಂದು ಹೇಳಲು ಅವನು ಒಂದು ರಾತ್ರಿಯೆಲ್ಲ ಒದ್ದಾಡಿರಬೇಕು.

ಆದರೆ ರೆನೇ ನನ್ನವನಲ್ಲ, ಬಾತಿಸ್ತ್‌ನವನೂ ಅಲ್ಲ. ಹೋದ ಬುಧವಾರ ಬಸ್ಸು ಹತ್ತಿ ಸೋರ್ನಾಕ್‌ಗೆ ಹೋದೆ. ಓದೀಲ್ ಚರ್ಚಿನ ಎದುರು ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ. ಒಬ್ಬ ಅಜ್ಜಿ ಕೂದಲು ಒಣಗಿಸುವ ಯಂತ್ರದೊಳಗೆ ತಲೆಯಿಟ್ಟು ಕೂತಿದ್ದಳು. ಓದೀಲ್ ನನ್ನನ್ನು ಕನ್ನಡಿಯಲ್ಲೇ ಗುರುತು ಹಿಡಿದಳು.

"ಬರೋಕ್ಕೆ ಇಷ್ಟು ವರ್ಷ ಬೇಕಾಯ್ತಾ ನಿಂಗೆ? ಅಮ್ಮ ಹೋಗಿ ಎಂಟು ವರ್ಷ ಆಯ್ತು."

ಅಪ್ಪನಿಗೆ ಹೇಳಿದ್ದು ನಾನೇ ಓದೀಲ್, ಅಂದೆ. ಸೂಪು ಕುಡಿಯುವಾಗ.

"ಗೊತ್ತು ಕಣೇ. ನಿಂಗೆ ಹೇಳಿದ್ದು ನಾನು ತಾನೆ?" ಅಂದಳು. "ಅಣ್ಣ ಆಣೆ ಹಾಕಿಸ್ಕೊಂಡಿದ್ದ, ಯಾರಿಗೂ ಹೇಳಲ್ಲ ಅಂತ. ಹೇಳ್ಬಿಟ್ಟೆ, ನೀನು ನನ್ ಗೆಳತಿ ಅಂತ. ಅಮ್ಮ ಸಾಯೋವರೆಗೂ ಅವಳಿಗೆ ಇದನ್ನ ಹೇಳೋಕ್ಕೆ ನನ್ ಕೈಲಿ ಆಗ್ಲಿಲ್ಲ. ಆವತ್ತು ಬೇರೆ ಬೆಂಚಿಗೆ ಹೋಗಿದ್ದು ನಿನ್ ಮೇಲಿನ ಸಿಟ್ಟಿಗಲ್ಲ. ನಿನ್ ಮುಖ ನೋಡಿದ್ರೆ ನಾನ್ ಮಾಡಿದ್ದು ನೆನಪಾಗ್ತಿತ್ತು."

ನಾನು ಕಾಗದ ತೆಗೆದು ತೋರಿಸಿದೆ. ನಿಮ್ಮ ಷರತ್ತು ಹೇಳಿದೆ. ಅವಳು ಕೈ ಒರೆಸಿಕೊಂಡು ಕಾಗದವನ್ನು ಪೂರ್ತಿ ಓದಿದಳು, ಹಿಂದೆ ತಿರುಗಿಸಿಯೂ ನೋಡಿದಳು.

"ಬೇಡ. ಅವನು ಆ ಜನರ ವಿರುದ್ಧ ಬ್ರೆಡ್ ಹೊತ್ತೋನು. ಅವ್ರಿಗೆ ಸಹಿ ಕೊಟ್ಟು ಅವನ ಮೂಳೆ ತರಿಸ್ಕೊಂಡ್ರೆ ನಮ್ಮಣ್ಣನ ಮುಂದೆ ನಾನ್ ಹೇಗ್ ನಿಂತ್ಕೊಳ್ಲಿ? ಇರ್ಲಿ ಬಿಡು ಅಲ್ಲೇ."

ಅಂದವಳು ಬಾಚಣಿಗೆ ಹಿಡಿದುಕೊಂಡೇ ಅಳತೊಡಗಿದಳು. ಯಂತ್ರದ ಸದ್ದಿನಲ್ಲಿ ಏನೂ ಕೇಳಿಸದ ಅಜ್ಜಿ, "ಏನಾಯ್ತೇ? ಕೂದ್ಲು ಸುಟ್ಟೋಯ್ತಾ?" ಎಂದು ಕಿರುಚಿದಳು. ನಾವಿಬ್ಬರೂ ಅಳುತ್ತಲೇ ನಕ್ಕೆವು.

ಆದ್ದರಿಂದ ಸಹಿ ಇಲ್ಲ. ಶುಕ್ರವಾರ ಪಂಚಾಯಿತಿ ಸಭೆ ಕರೆದು ನಿಮ್ಮ ವಿಷಯ, ನನ್ನ ವಿಷಯ, ಎರಡನ್ನೂ ಹೇಳಿ ರಾಜೀನಾಮೆ ಕೊಟ್ಟೆ. ಒಪ್ಪಿಕೊಂಡರು. ಯಾರೂ ಬೈಯಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಬಾತಿಸ್ತ್ ಎಲ್ಲರಿಗಿಂತ ಕೊನೆಗೆ ಕೈ ಎತ್ತಿದ.

ಶನಿವಾರ ಮಕ್ಕಳಿಗೆ ಹೇಳಿದೆ. ಅದು ಎಲ್ಲಕ್ಕಿಂತ ಕಷ್ಟವಾಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, "ಹಾಗಾದ್ರೆ ನಾವು ಹೇಳಿದ್ದು ಸುಳ್ಳಾ ಮೇಡಂ?" ಅಂದಳು. ಹೌದು ಅಂದೆ. "ನಿಮ್ಗೆ ಗೊತ್ತಿದ್ರೂ ಹೇಳ್ಸಿದ್ರಾ?" ಅಂದಳು. ಹೌದು ಅಂದೆ. ಅವಳು ಕೈ ಕೆಳಗಿಳಿಸಿ ಪುಸ್ತಕ ತೆರೆದಳು. ಆಮೇಲೆ ಗಣಿತ ಮಾಡಿದೆವು.

ನನ್ನ ಮೇಲೆ ಹಿಡಿಯಲು ನಿಮ್ಮ ಕೈಯಲ್ಲಿ ಈಗ ಏನೂ ಉಳಿದಿಲ್ಲ. ನಿಮಗೆ ಕೊಡಲು ನನ್ನ ಕೈಯಲ್ಲೂ ಏನೂ ಇಲ್ಲ. ನಿಮ್ಮ ಹೆಸರನ್ನು ಪಟ್ಟಿಯಿಂದ ನಾನೇ ಹೊಡೆದು ಹಾಕಿದೆ. ನೀವು ಸತ್ತಿಲ್ಲ ಅಪ್ಪ, ಬದುಕಿದ್ದೀರಿ, ಹಾಗಾಗಿ ಮತ್ತೊಮ್ಮೆ ಕೇಳುತ್ತಿದ್ದೇನೆ. ಯಾವ ಷರತ್ತೂ ಇಲ್ಲದೆ ಹೇಳಿ. ರೆನೇ ಎಲ್ಲಿ?

ಸೋಲಾಂಜ್


ತುಲೋಂ
೨೦ ಏಪ್ರಿಲ್ ೧೯೮೧

ಸೋಲಾಂಜ್,

ಐನೂರು ಸಹಿ ಆಗಲಿಲ್ಲ. ನಮ್ಮ ನಾಯಕರು ನಿಲ್ಲುತ್ತಿಲ್ಲ. ಪೇಪರಿನಲ್ಲಿ ನೋಡಿರುತ್ತೀಯ. ನನ್ನ ವಿಚಾರಗಳು ಬದಲಾಗಿಲ್ಲ, ಮುಂದಿನ ಸಲ ಮತ್ತೆ ಸುತ್ತುತ್ತೇನೆ. ಹಾಗಾಗಿ ಈ ಪತ್ರ ಓದಿ ಅಪ್ಪ ಒಳ್ಳೆಯವನಾದ ಎಂದುಕೊಳ್ಳಬೇಡ.

ನವೆಂಬರಿನಲ್ಲಿ ಬರೆದ ಪತ್ರದಲ್ಲಿ ಒಂದನ್ನು ಬಿಟ್ಟಿದ್ದೆ. ನಿಮ್ಮ ವೈನ್ ಕುಡಿದು, ಕೆಳಗಿನ ತಿರುವಿನಲ್ಲಿ ನಿಲ್ಲಿಸಿದ್ದ ಕಾರಿನಲ್ಲಿ ಹೋಗಿ ಕೂತೆ. ಒಂದು ಗಂಟೆ ಅಲ್ಲೇ ಕೂತಿದ್ದೆ, ಕೀಲಿ ತಿರುಗಿಸಲು ಕೈ ಬರಲಿಲ್ಲ. ಮಕ್ಕಳು ನನ್ನ ಹೆಸರಿಗೆ ಉತ್ತರ ಕೊಟ್ಟಾಗ ಒಂದು ಉಸಿರಿನಷ್ಟು ಹೊತ್ತು ಸಂತೋಷವಾಗಿತ್ತು. ಆಮೇಲೆ ಮುಂದಿನ ಸಾಲಿನ ಹುಡುಗಿ ಕಣ್ಣಿಗೆ ಬಿದ್ದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಎಲ್ಲರಿಗಿಂತ ಗಟ್ಟಿಯಾಗಿ ಅವಳೇ ಹೇಳುತ್ತಿದ್ದಳು. ಆ ಫೆಬ್ರವರಿಯಲ್ಲಿ ನೀನೂ ಅಷ್ಟೇ ಎತ್ತರ ಇದ್ದೆ. ನನಗೆ ನಾಚಿಕೆಯಾಯಿತು. ಮುದುಕನಾದ ಮೇಲೆ ಹೀಗಾಗುತ್ತದೆಂದು ಯಾರೂ ಹೇಳಿರಲಿಲ್ಲ. ಆ ಸಿಟ್ಟಿಗೇ ನಿನಗೆ ಅಂಥ ಪತ್ರ ಬರೆದೆ.

ಸೂಪಿನ ವಿಷಯ. ನಮಗೆ ಮೊದಲೇ ಗೊತ್ತಿತ್ತು, ನಿನ್ನಿಂದ ಏನೂ ಆಗಲಿಲ್ಲ ಎಂದು ಬರೆಯಲು ಕೂತಿದ್ದೆ. ಎರಡು ಹಾಳೆ ಬರೆದು ಹರಿದೆ, ಸುಳ್ಳು. ಗೊತ್ತಿರಲಿಲ್ಲ. ನೀನು ಹೇಳಿದ್ದರಿಂದಲೇ ಗೊತ್ತಾಯಿತು. ಆದರೆ ಅದು ನೀನಾಗಿ ಹೇಳಿದ್ದಲ್ಲ, ನಾನು ಕೇಳಿದ್ದು. ಅವಳ ಜೊತೆ ಕೂರುತ್ತೀಯೆಂದು ತಿಳಿದೇ ಕೇಳಿದೆ. ಕೇಳಬೇಕೆಂದು ಊಟಕ್ಕೆ ಕೂರುವ ಮೊದಲೇ ಯೋಚಿಸಿಕೊಂಡು ಬಂದಿದ್ದೆ. ನಿನ್ನ ಅಮ್ಮನಿಗೆ ಅದು ಅರ್ಥವಾಗಿತ್ತು. ಸಾಯುವವರೆಗೂ ಅವಳು ಮತ್ತೆ ನನ್ನ ಜೊತೆ ಒಂದೇ ಮೇಜಿನಲ್ಲಿ ಉಣ್ಣಲಿಲ್ಲ, ನಿನಗೆ ಅದು ಗೊತ್ತಿದೆಯೋ ಇಲ್ಲವೋ.

ಈಗ ಬರೆದುಕೋ. ಓದೀಲ್‌ಗೆ ಕೊಡು. ಪೊಲೀಸರಿಗೆ ಬೇಕಾದರೆ ಅವರಿಗೂ ತೋರಿಸು, ಅದಕ್ಕೇ ಕೆಳಗೆ ಪೂರ್ತಿ ಹೆಸರು ಹಾಕಿದ್ದೇನೆ.

ಸುಣ್ಣದ ಗೂಡಿಗೆ ಬೆನ್ನು ಮಾಡಿ ನಿಂತರೆ ಎಡಕ್ಕೆ ಒಂದು ಕಾಲುದಾರಿ ಇಳಿಯುತ್ತದೆ. ಕೆಳಗೆ ಹಳ್ಳ. ಹಳ್ಳ ದಾಟಬಾರದು. ಈ ದಡದಲ್ಲೇ ಮೇಲ್ಮುಖವಾಗಿ ಇನ್ನೂರು ಹೆಜ್ಜೆ ನಡೆದರೆ ಮನೆಯಷ್ಟು ದೊಡ್ಡ ಬಂಡೆಯೊಂದು ಸಿಗುತ್ತದೆ, ಮಧ್ಯೆ ಸೀಳಿದೆ. ಬಂಡೆಯ ಹಿಂದೆ, ಬೆಟ್ಟದ ಕಡೆಗೆ. ಸೊಂಟದಷ್ಟು ಆಳ ತೋಡಿದ್ದೆವು. ನಾವು ನಾಲ್ವರಿದ್ದೆವು, ಉಳಿದ ಮೂವರು ಸತ್ತಿದ್ದಾರೆ. ರಸ್ತೆ ಕಾಯುತ್ತಿದ್ದವನು ಅವರಲ್ಲೊಬ್ಬ. ಗುಂಡು ಹಾರಿಸಿದವನು ನಾನು.

ಅವನು ಅಳಲಿಲ್ಲ, ಯಾರ ಹೆಸರನ್ನೂ ಹೇಳಲಿಲ್ಲ. ಕೊನೆಯಲ್ಲಿ ಒಂದು ಮಾತು ಕೇಳಿದ. ಬೂಟು ಬಿಚ್ಚಿ ಇಡಲಾ, ಮನೆಗೆ ಮುಟ್ಟಿಸ್ತೀರಾ, ಹೊಸವು, ತಮ್ಮನಿಗೆ ಇನ್ನೆರಡು ವರ್ಷಕ್ಕೆ ಸರಿಹೋಗ್ತವೆ ಅಂದ. ನಾನು ಬೇಡ ಅಂದೆ. ಕಂದು ಬಣ್ಣದ ಬೂಟು, ಹಿಮ್ಮಡಿಗೆ ಕಬ್ಬಿಣದ ಲಾಳ ಹೊಡೆಸಿತ್ತು. ಕಾಲಲ್ಲೇ ಇವೆ. ಗುರುತು ಹಿಡಿಯಲು ಅಷ್ಟು ಸಾಕಾಗಬಹುದು.

ಓಕ್ತಾವ್ ಮಾರಿ ದೆಲ್ಮಾಸ್